ಭಾನುವಾರದ ಪೈಲ್ವಾನರು

ನಮ್ಮ ಮನೆಯ ಮಹಡಿ ಮೇಲೆ ಒಂದು ದೊಡ್ಡ ಹಾಲ್ ಇದೆ. ಮಾವನವರು ಬದುಕಿದ್ದಾಗ ಅಲ್ಲಿ ಭತ್ತದ ಮೂಟೆ ಇಡುತ್ತಿದ್ದರು. ಈಗ ನನ್ನ ಮೈದುನನನ್ನೂ ಅವನ ಇಬ್ಬರು ಸ್ನೇಹಿತರನ್ನೂ ಇಟ್ಟಿದ್ದೇವೆ. ಮೂಟೆಗಳಿಂದ ಏನಾದರೂ ಪ್ರಯೋಜನವಿತ್ತು.

ಮನೆ ಮದ್ದೂರಿನಲ್ಲಿ, ನನ್ನ ಕೆಲಸ ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಆಟ ಕಲಿಸುವ ಪಿ.ಟಿ. ಮಿಸ್ ನಾನು. ವಾರಕ್ಕೆ ಆರು ದಿನ ಬಿಸಿಲಲ್ಲಿ ಕೂಗಾಡಿದವಳಿಗೆ ಏಳನೆಯ ದಿನ ಒಂದಿಷ್ಟು ನಿಶ್ಶಬ್ದ ಬೇಕೆನಿಸುತ್ತದೆ. ಸರಿಯಾಗಿ ಆ ದಿನವೇ ಮಹಡಿ ಮೇಲೆ ಯುದ್ಧ ಶುರುವಾಗುತ್ತಿತ್ತು.

ಯುದ್ಧವೆಂದರೆ ಟಿವಿಯಲ್ಲಿ ಬರುವ ಪಂಜರದ ಕಾಳಗ. ಸುತ್ತ ಬಲೆ ಕಟ್ಟಿದ ಪಂಜರದೊಳಗೆ ಇಬ್ಬರನ್ನು ಬಿಡುತ್ತಾರೆ. ಗುದ್ದಬಹುದು, ಒದೆಯಬಹುದು, ಕುಸ್ತಿಯ ಪಟ್ಟು ಹಾಕಿ ಕೆಡವಬಹುದು, ಕತ್ತು ಅಮುಕಬಹುದು. ಅಮೆರಿಕದಲ್ಲಿ ಶನಿವಾರ ರಾತ್ರಿ ನಡೆಯುವುದು ನಮಗೆ ಭಾನುವಾರ ಬೆಳಗ್ಗೆ ದೋಸೆ ಹುಯ್ಯುವ ಹೊತ್ತಿಗೆ ಕಾಣುತ್ತದೆ. ನಮ್ಮ ಯಜಮಾನರು ಇದರ ಕಾಟ ತಡೆಯಲಾರದೆ ಭಾನುವಾರ ಬೆಳಗಾಗುತ್ತಲೇ ವೈದ್ಯನಾಥಪುರದ ಹತ್ತಿರವಿರುವ ಗದ್ದೆಗೆ ಹೋಗಿಬಿಡುತ್ತಿದ್ದರು. ಅವರಿಗೆ ಗದ್ದೆಯಿತ್ತು, ನನಗೆ ದೋಸೆ ಹೆಂಚು.

ಮೂವರ ಪರಿಚಯ ಹೇಳಿಬಿಡುತ್ತೇನೆ. ನನ್ನ ಮೈದುನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಕಡತವನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗಿಸಲು ಮೂರು ವಾರ ತೆಗೆದುಕೊಳ್ಳುವ ಮನುಷ್ಯ, ಟಿವಿಯಲ್ಲಿ ಯಾವನಾದರೂ ಒಂದು ಸೆಕೆಂಡು ತಡಮಾಡಿದರೆ ಸಹಿಸುತ್ತಿರಲಿಲ್ಲ. ಎರಡನೆಯವನು ಪೇಟೆಯಲ್ಲಿ ಜಿಮ್ ಇಟ್ಟವನು. ಅಂಗಡಿಯ ಬೋರ್ಡಿನಲ್ಲಿ ಅವನ ಮುಖದ ಕೆಳಗೆ ಬೇರೆ ಯಾರದೋ ಎದೆ ಇದೆ. ಮೂರನೆಯವನು ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳುವ ಲೆಕ್ಚರರ್. ಯಾವ ಹೊಡೆತ ಯಾಕೆ ಬಿತ್ತು ಎಂದು ಬಿದ್ದ ಮೇಲೆ ವಿವರಿಸುವುದು ಅವನ ಖಾತೆ.

ಮೈದುನ ಕೆಂಪು ಬಣ್ಣದ ಗ್ಲೌಸ್ ಒಂದು ಜೊತೆ ತರಿಸಿಕೊಂಡಿದ್ದ. ಒಮ್ಮೆ ಮಸಿಬಟ್ಟೆ ಸಿಗದೆ ನಾನು ಅದನ್ನೇ ಹಾಕಿಕೊಂಡು ಕುಕ್ಕರ್ ಇಳಿಸಿದ್ದೆ. ಆ ಗ್ಲೌಸ್ ಕಂಡ ಅತಿ ದೊಡ್ಡ ಕಾಳಗ ಅದೇ.

ಸುಮ್ಮನೆ ನೋಡಿಕೊಂಡು ಹೋಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಇವರು ತಾವು ನೋಡುವುದನ್ನು ಜಗತ್ತಿಗೆ ತೋರಿಸಲು ಹೊರಟರು. ಸೋಫಾದ ಎದುರು ಸ್ಟ್ಯಾಂಡಿನಲ್ಲಿ ಒಂದು ಫೋನು, ಅದರ ಹಿಂದೆ ಬಳೆಯಾಕಾರದ ಲೈಟು. ಕಾಳಗ ನಡೆಯುವಾಗ ಇವರ ಮುಖ, ಇವರ ಕೂಗು, ಇವರ ನೆಗೆತ ಎಲ್ಲ ಲೈವ್ ಹೋಗಬೇಕು. ಅದಕ್ಕೆ ರಿಯಾಕ್ಷನ್ ಎಂದು ಹೆಸರು. ಹೊಡೆದಾಡುವವರನ್ನು ಇವರು ನೋಡುತ್ತಿದ್ದರು, ಇವರನ್ನು ಇನ್ನಾರೋ ಕೆಲಸವಿಲ್ಲದವರು ನೋಡುತ್ತಿದ್ದರು. ಉಣ್ಣುವವನನ್ನು ನೋಡುವವನ ಬಾಯಿ ನೋಡಿಕೊಂಡು ಹೊಟ್ಟೆ ತುಂಬಿಸಿಕೊಳ್ಳುವ ಹಾಗೆ.

ಕೆಳಗೆ ಅಡುಗೆಮನೆಯಲ್ಲಿ ನಿಂತರೆ ಎಲ್ಲವೂ ಕೇಳುತ್ತಿತ್ತು.

"ವಡೀಲಾ! ಮೂತಿಗ್ ವಡೀಲಾ!"

"ಬುಡಬ್ಯಾಡ ಕಣ್ಲಾ, ಇಸುಕು, ಕತ್ತು ಇಸುಕು!"

"ಥೂ ನಿನ್ ಮನೆ ಆಳಾಗ, ಎದ್ದೇಳ್ಲಾ!"

ಯಾವನಾದರೂ ಪ್ರಜ್ಞೆ ತಪ್ಪಿ ಬಿದ್ದನೋ, ಮೂವರೂ ಒಟ್ಟಿಗೆ ನೆಗೆಯುತ್ತಿದ್ದರು. ಚಾವಣಿಯ ಸುಣ್ಣ ಉದುರಿ ನನ್ನ ದೋಸೆ ಹಿಟ್ಟಿನೊಳಗೆ ಬೀಳುತ್ತಿತ್ತು. ಅಲ್ಲೊಬ್ಬ ತಾಯಿಯ ಮಗ ಕಣ್ಣು ಮೇಲೆ ಮಾಡಿಕೊಂಡು ಬಿದ್ದಿದ್ದಾನೆ, ಇಲ್ಲಿ ಇವರು ಒಬ್ಬರನ್ನೊಬ್ಬರು ತಬ್ಬಿಕೊಂಡು, "ಅತ್ಗೇ, ಇನ್ನೆರಡು ದೋಸೆ ಕೊಟ್ಟುಬುಡಿ!" ಎನ್ನುತ್ತಿದ್ದರು.

ಇವರಿಗೆ ತೀರಾ ಕೋಪ ಬರುತ್ತಿದ್ದುದು ಯಾರಾದರೂ ಟ್ಯಾಪ್ ಮಾಡಿದಾಗ. ಎದುರಾಳಿಯ ಹಿಡಿತ ತಡೆಯಲಾಗದಿದ್ದರೆ ಅಂಗೈಯಿಂದ ಎರಡು ಸಲ ತಟ್ಟಿದರೆ ಸಾಕು, ಸೋತೆ ಎಂದರ್ಥ. ಅಲ್ಲಿಗೆ ಕಾಳಗ ಮುಗಿಯುತ್ತದೆ. ಹಾಗೆ ತಟ್ಟಿದವನನ್ನು ನಮ್ಮ ಮಹಡಿಯಲ್ಲಿ ಹೇಡಿ ಎಂದು ಕರೆಯುತ್ತಿದ್ದರು. ಮೆಣಸಿನಕಾಯಿ ಬಜ್ಜಿ ಖಾರವಾದರೆ ಕಣ್ಣೀರಿಡುವ ಜಿಮ್ಮಿನವನು, "ನಾನಾಗಿದ್ರೆ ಸತ್ರೂ ತಟ್ತಿರ್ಲಿಲ್ಲ" ಎನ್ನುತ್ತಿದ್ದ.

ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಅಪ್ಪ ಫೋನ್ ಮಾಡಿದರು.

ಈ ಹುಡುಗಿ ಎಂಟನೇ ಕ್ಲಾಸಿನಿಂದ ನನ್ನ ಕೈಯಲ್ಲಿ ಕಬಡ್ಡಿ ಕಲಿತವಳು. ಸಣ್ಣ ಆಳು. ಆದರೆ ರೈಡಿಗೆ ಬಂದವರ ಹಿಮ್ಮಡಿ ಹಿಡಿದಳೆಂದರೆ ಉಡ ಹಿಡಿದ ಹಾಗೆ. ಅಪ್ಪ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಯಂತ್ರ ರಿಪೇರಿಯವರ ಜೊತೆ ಸಹಾಯಕ, ಅಲ್ಲೇ ಕ್ವಾರ್ಟರ್ಸಿನಲ್ಲಿ ಮನೆ. ಕಾಲೇಜಿಗೆಂದು ಮೈಸೂರಿಗೆ ಹೋದವಳು ಅಲ್ಲಿ ಕುಸ್ತಿ ಕಲಿತು, ಆಮೇಲೆ ಈ ಪಂಜರದ ಕಾಳಗಕ್ಕೆ ಇಳಿದಿದ್ದಳು. ಅಪ್ಪನಿಗೆ ಗೊತ್ತಿತ್ತು. ಅಮ್ಮನಿಗೆ ಮಾತ್ರ ಎಲ್ಲವೂ ಕಬಡ್ಡಿ ಕ್ಯಾಂಪು.

"ಮೇಡಮ್ಮೋರೇ, ಬರೋ ಭಾನ್ವಾರ ಮದ್ಯಾನ ನಂ ಕೂಸಿಂದು ಬೆಂಗ್ಳೂರಲ್ಲಿ ಅದೆ," ಎಂದರು. "ಬರಬ್ಯಾಡ ಅಂದವ್ಳೆ. ನೀನ್ ಬಂದ್ರೆ ನಿನ್ ಮೊಕನೇ ನೋಡ್ತೀನಿ, ಏಟು ತಿಂತೀನಿ ಅಂತಾಳೆ. ಮನೇಲಿ ನೋಡವಾ ಅಂದ್ರೆ ಅವ್ರವ್ವ ಅವ್ಳೆ. ನಿಮ್ಮನೇಲಿ ಟಿವಿ ಅದಲ್ವಾ?"

ಟಿವಿ ಇತ್ತು. ಅದರ ಮುಂದೆ ಯಾರಿರುತ್ತಾರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬನ್ನಿ ಎಂದೆ.

ಆ ಭಾನುವಾರ ಮೂವರೂ ಬೆಳಗಿನ ವಿದೇಶಿ ಕಾಳಗ ಮುಗಿಸಿ, ಊಟ ಹೊಡೆದು, ಮಧ್ಯಾಹ್ನದ್ದನ್ನೂ ನೋಡಲು ತಯಾರಾಗಿದ್ದರು. "ದೇಸಿ ಮಾಲು ಎಂಗಿರ್ತದೋ ನೋಡವಾ" ಎಂದು ಮೈದುನ ಫೋನಿನ ಲೈವ್ ಬೇರೆ ಶುರುಮಾಡಿದ್ದ. ಮೂರು ಗಂಟೆಗೆ ಹುಡುಗಿಯ ಅಪ್ಪ ಬಂದರು. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಮೆಟ್ಟಿಲ ಮೇಲೆ ನಿಂತು ಮೆಲ್ಲಗೆ ಹೇಳಿದರು:

"ನಾನ್ಯಾರು ಅಂತ ಯೋಳ್ಬ್ಯಾಡಿ ಮೇಡಮ್ಮೋರೇ. ಸುಮ್ಕೆ ನೋಡ್ಕಂಡು ಓಗ್ಬುಡ್ತೀನಿ."

"ನಮ್ಮ ಸ್ಕೂಲ್ ಕಡೆಯವರು, ಆಟ ಅಂದ್ರೆ ಇಷ್ಟ" ಎಂದಷ್ಟೇ ಹೇಳಿ ಅವರನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ನಾನೂ ಗೋಡೆಗೆ ಒರಗಿ ನಿಂತೆ.

ಲೆಕ್ಚರರ್ ತಿರುಗಿ ನೋಡಿ, "ಯಾವೂರು? ಯಾರ ಪೈಕಿ?" ಎಂದ. ಡಿಗ್ರಿ ಮೇಲೆ ಡಿಗ್ರಿ ಮಾಡಿಕೊಂಡವನು, ಮನುಷ್ಯನನ್ನು ಕಂಡ ಕೂಡಲೇ ಮೊದಲು ಕೇಳಬೇಕೆನಿಸುವುದು ಇದೇ.

"ಪವರ್‌ಹೌಸ್ ಪೈಕಿ ಸಾ" ಎಂದರು ಅಪ್ಪ, ನಗುತ್ತಲೇ. ಲೆಕ್ಚರರ್ ಮತ್ತೆ ಟಿವಿ ಕಡೆ ತಿರುಗಿಕೊಂಡ.

ನಾಲ್ಕನೆಯ ಕಾಳಗಕ್ಕೆ ನಮ್ಮ ಹುಡುಗಿ ಬಂದಳು. ಕೂದಲನ್ನು ಸಾಲುಸಾಲಾಗಿ ಬಿಗಿದು ಹೆಣೆದಿದ್ದಳು. ಪರದೆಯ ಮೇಲೆ ಅವಳ ಹೆಸರಿತ್ತು, ಊರಿರಲಿಲ್ಲ. ಎದುರಾಳಿ ಉತ್ತರದ ಕಡೆಯ ಎತ್ತರದ ಹುಡುಗಿ. ಸೋಫಾದಿಂದ ಮೊದಲು ಬಂದದ್ದು ನಿರಾಸೆಯ ಉಸಿರು.

"ಎಣ್ಮಕ್ಳದಾ? ಮುಂದುಕ್ ಓಡ್ಸಕ್ಕಾಗಲ್ವಾ?" ಎಂದ ಜಿಮ್ಮಿನವನು.

"ಲೈವ್ ಕಣ್ಲಾ, ಎಂಗ್ಲಾ ಓಡ್ಸದು?" ಎಂದ ಮೈದುನ.

"ಇವ್ರಪ್ಪಂಗೆ ಮಾನ ಮರ್ವಾದಿ ಬ್ಯಾಡ್ವಾ? ಚಡ್ಡಿ ಆಕಿ ಕಳ್ಸವ್ನಲ್ಲಾ. ನಾಳೆ ಯಾವನ್ಲಾ ಕಟ್ಕಂಡಾನು ಇವ್ಳ?" ಎಂದು ಜಿಮ್ಮಿನವನು ಮುಂದುವರಿಸಿದ.

ನಾನು ಅಪ್ಪನ ಕಡೆ ನೋಡಿದೆ. ಅವರ ಕಣ್ಣು ಟಿವಿ ಬಿಟ್ಟು ಅಲುಗಲಿಲ್ಲ. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೇಳಬೇಡಿ ಎಂದು ಅವರೇ ಹೇಳಿದ್ದರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಹೇಳಿದ್ದು ಯಾರ ತಂದೆ ಎಂದು ತಿಳಿಸಬೇಡಿ ಎಂದಷ್ಟೇ, ಬಾಯಿ ಮುಚ್ಚಿಕೊಂಡಿರಿ ಎಂದಲ್ಲ. ನನ್ನ ಮನೆ, ನನ್ನ ಮೈದುನ, ನಾನು ಮಾಡಿದ ಕಾಫಿ ಕುಡಿಯುವ ಬಾಯಿ. "ಏಯ್, ಸರಿಯಾಗಿ ಮಾತಾಡ್ರೋ" ಎನ್ನಲು ಯಾರ ಅಪ್ಪಣೆ ಬೇಕಿತ್ತು? ಇನ್ನೂರು ಮಕ್ಕಳನ್ನು ಒಂದೇ ಗದರಿಕೆಗೆ ಸಾಲಲ್ಲಿ ನಿಲ್ಲಿಸುವವಳು ಮೂವರು ಸೋಮಾರಿಗಳ ಎದುರು ಗೋಡೆ ಹಿಡಿದು ನಿಂತಿದ್ದೆ.

ಐದು ನಿಮಿಷಕ್ಕೆ ಒಂದು ಸುತ್ತು, ಒಟ್ಟು ಮೂರು. ಮೊದಲ ಸುತ್ತು ಪೂರ್ತಿ ನಮ್ಮ ಹುಡುಗಿಯದೇ. ಎತ್ತರದವಳು ಕಾಲೆತ್ತಿ ಒದೆಯಲು ಬಂದಾಗಲೆಲ್ಲ ಇವಳು ಬಗ್ಗಿ ಹಿಮ್ಮಡಿಗೆ ಕೈ ಹಾಕಿ ಎಳೆದು ಕೆಡವುತ್ತಿದ್ದಳು. ಆ ಹಿಡಿತ ನನ್ನದು. ನಮ್ಮ ಶಾಲೆಯ ಕಲ್ಲುಮಣ್ಣಿನ ಅಂಗಳದಲ್ಲಿ ಮೊಣಕೈ ತರಚಿಸಿಕೊಂಡು ಅವಳು ಕಲಿತ ಹಿಡಿತ. ನನಗೆ ಮೈ ಜುಮ್ಮೆಂದಿತು.

"ಇದೇನ್ಲಾ ಇದು, ಕಬಡ್ಡಿನಾ?" ಎಂದು ಜಿಮ್ಮಿನವನು ನಕ್ಕ.

"ಟೆಕ್ನಿಕ್ ಇಲ್ಲ, ಬರೀ ಹಳ್ಳಿ ಶಕ್ತಿ" ಎಂದ ಲೆಕ್ಚರರ್, ಕ್ಯಾಮೆರಾದ ಕಡೆ ಮುಖ ಮಾಡಿ.

ಅಂಗಳ ಹಾರಲಾರದವರು ಆಕಾಶ ಹಾರುವವಳಿಗೆ ಅಂಕ ಕೊಡುತ್ತಿದ್ದರು.

ಎರಡನೆಯ ಸುತ್ತಿನ ಕೊನೆಗೆ ಎಡವಟ್ಟಾಯಿತು. ಇವಳು ಎದುರಾಳಿಯನ್ನು ಕೆಡವಿ ಮೇಲೆ ಕೂತು ಗುದ್ದುತ್ತಿದ್ದಳು. ಕೆಳಗಿದ್ದವಳು ಹಾವಿನ ಹಾಗೆ ಹೊರಳಿ ಇವಳ ಬಲಗೈಯನ್ನು ತನ್ನ ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಿಂದಕ್ಕೆ ಬಾಗಿದಳು. ಮೊಣಕೈ ನೆಟ್ಟಗಾಗಿ, ಆಮೇಲೆ ಬಾಗಬಾರದ ಕಡೆಗೆ ಬಾಗತೊಡಗಿತು. ಸುತ್ತು ಮುಗಿಯಲು ಹತ್ತು ಸೆಕೆಂಡು ಉಳಿದಿತ್ತು.

"ತಡ್ಕೋ! ತಡ್ಕೋ! ಅತ್ತೇ ಸೆಕೆಂಡು!" ಮೂವರೂ ಎದ್ದು ನಿಂತರು. ಆ ಕ್ಷಣಕ್ಕೆ ಅವಳು ಅವರ ಮನೆಮಗಳೇ ಆಗಿಬಿಟ್ಟಿದ್ದಳು.

ಹುಡುಗಿ ಎಡಗೈಯಿಂದ ಎರಡು ಸಲ ತಟ್ಟಿದಳು.

"ಥೂ!" ಮೈದುನ ಸೋಫಾದ ದಿಂಬು ಎಸೆದ. "ತಟ್ಬುಟ್ಳಲ್ಲಾ! ಅತ್ತು ಸೆಕೆಂಡು ತಡ್ಯಕ್ಕಾಗ್ಲಿಲ್ವಲ್ಲಾ ಮುಂಡೇದುಕ್ಕೆ!"

"ಅಡುಗೆ ಮಾಡ್ಕಂಡಿರು ಓಗವ್ವ" ಎಂದು ಜಿಮ್ಮಿನವನು ಫೋನಿನ ಕ್ಯಾಮೆರಾದೊಳಗೆ ಬಾಯಿ ಹಾಕಿ ಕೂಗಿದ. ಲೈವಿನಲ್ಲಿ ನಗುವ ಮುಖಗಳು ಒಂದರ ಮೇಲೊಂದು ತೇಲಿಹೋದವು.

ಅಪ್ಪ ಮಾತ್ರ ಉಸಿರು ಬಿಟ್ಟು, ಕುರ್ಚಿಗೆ ಒರಗಿ, ಒಂದು ಬಾಳೆಹಣ್ಣು ಸುಲಿದು ತಿಂದರು. ನಾನು ನೀರು ಕೊಟ್ಟೆ.

ಮುಂದಿನ ಕಾಳಗ ಶುರುವಾಯಿತು. ಆದರೆ ಇವರ ಬಾಯಿಂದ ಆ ಹುಡುಗಿ ಇಳಿಯಲಿಲ್ಲ. ಅರ್ಧ ಗಂಟೆ ಕಳೆದಿರಬೇಕು, ಅಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎದ್ದು ಆಚೆ ಹೋಗಬೇಕೆಂಬುದೂ ಮರೆತು ಅಲ್ಲೇ ಕೂತು ಮಾತಾಡಿದರು.

"ಯೋಳವ್ವಾ... ನೋಡ್ದೆ ಕಣವ್ವಾ, ಪೂರ್ತಿ ನೋಡ್ದೆ. ಕೈ ಎಂಗದೆ? ಆಡುಸ್ತೀಯಾ? ಬೆಳ್ಳೆಲ್ಲಾ ಆಡ್ತವಾ?... ಅಯ್ಯೋ ಅಳಬ್ಯಾಡ ಸುಮ್ನಿರು. ತಟ್ಟಿದ್ದೇ ಒಳ್ಳೇದಾಯ್ತು. ಸರ್ಯಾಗ್ ಮಾಡ್ದೆ ಕಣವ್ವ... ಮಿಸ್ಸು ಇಲ್ಲೇ ಅವ್ರೆ, ಅವ್ರೂ ನೋಡುದ್ರು. ಊಟ ಮಾಡು ಮೊದ್ಲು."

ಮೈದುನ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಲೆಕ್ಚರರ್ ಕನ್ನಡಕ ತೆಗೆದು ಒರೆಸಲು ಶುರುಮಾಡಿದ.

ಜಿಮ್ಮಿನವನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. "ಅಲ್ಲಾ ಯಜಮಾನ್ರೇ, ನಿಮ್ ಮಗ್ಳು ಅಂತ ಗೊತ್ತಿರ್ಲಿಲ್ಲ. ಆದ್ರೂ ಅತ್ತೇ ಸೆಕೆಂಡು ಅಲ್ವಾ? ತಡ್ಕಬೋದಿತ್ತು."

ಅಪ್ಪ ಎಡಗೈ ಮುಂದೆ ಚಾಚಿದರು. ಕೊನೆಯ ಎರಡು ಬೆರಳು ಮಡಚದೆ ಕಡ್ಡಿಯ ಹಾಗೆ ನಿಂತಿದ್ದವು.

"ನಾನೂ ಒಂದ್ಸಲ ತಡ್ಕಂಡಿದ್ದೆ ಸಾ. ಯಂತ್ರದ ಒಂದು ಭಾಗ ಎತ್ತೋವಾಗ ಸರಪಳಿ ಜಾರ್ತು. ಪಕ್ಕದಲ್ಲಿದ್ದೋರೆಲ್ಲಾ ಇಡ್ಕೋ, ಬುಡಬ್ಯಾಡ, ಬುಡಬ್ಯಾಡ ಅಂದ್ರು. ಕೈ ಇಟ್ಟಿದ್ದೋನು ನಾನೊಬ್ನೇ. ಬುಡ್ನಿಲ್ಲ. ಬೆಳ್ಳು ಓಯ್ತು. ಯಂತ್ರವಾದ್ರೂ ಉಳೀತಾ? ಅದೂ ಬಿತ್ತು." ಕೈ ಹಿಂದಕ್ಕೆ ಎಳೆದುಕೊಂಡರು. "ಅವತ್ತು ಕೂಗ್ದೋರು ಯಾರೂ ಕೆಟ್ಟೋರಲ್ಲ. ಆದ್ರೆ ಬೆಳ್ಳು ಅವ್ರುದಲ್ವಲ್ಲ. ಅದ್ಕೇ ನಂ ಕೂಸಿಗೆ ಯೋಳಿದ್ದೆ, ನೋವಾದ್ರೆ ಬುಟ್ಬುಡು, ಯಾರ್ ಏನ್ ಕೂಗುದ್ರೂ ಕೇಳಬ್ಯಾಡ ಅಂತ."

ಇದಾದ ಮೇಲೆ ಮೂವರೂ ನಾಚಿಕೊಂಡರು ಎಂದು ಬರೆಯಲು ನನಗೂ ಆಸೆ. ನಾಚಿಕೆ ಸುಮಾರು ಐದು ನಿಮಿಷ ಇತ್ತು. ಆಮೇಲೆ ಮೈದುನನಿಗೆ ಲೈವ್ ಇನ್ನೂ ಓಡುತ್ತಿದೆ ಎಂಬುದು ಹೊಳೆಯಿತು. ಗಾಬರಿಯಿಂದ ನಿಲ್ಲಿಸಿ ಅದನ್ನು ಅಳಿಸಿಹಾಕಿದ. ಮೂವರೂ ಬಾಲ್ಕನಿಗೆ ಹೋಗಿ ಗುಸುಗುಸು ಮಾತಾಡಿ ಬಂದರು. ಬಂದಾಗ ಅವರ ಮುಖದಲ್ಲಿ ಹೊಸ ಕಳೆ.

"ಅತ್ಗೇ, ನಮ್ ಮಂಡ್ಯದ ಎಣ್ಣು ಉಲಿ ಅವ್ಳು! ಗೊತ್ತೇ ಇರ್ಲಿಲ್ವಲ್ಲ. ಇನ್ನೊಂದ್ಸಲ ಆಕ್ತೀವಿ, ರಿಯಾಕ್ಷನ್ ಇನ್ನೊಂದ್ಸಲ ಮಾಡ್ತೀವಿ. ಯಜಮಾನ್ರು ಮಧ್ಯ ಕುಂತ್ಕಳ್ಳಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಗಲೇ ನೋಡಿ ಮುಗಿಸಿದ ಕಾಳಗವನ್ನು ಮತ್ತೆ ಹಾಕಿ, ಮೊದಲ ಸಲ ನೋಡುತ್ತಿರುವವರಂತೆ ಹೊಸದಾಗಿ ಬೆರಗಾಗುವುದು ಅವರ ಯೋಜನೆ. ಚಡ್ಡಿಯ ಮಾತಿನ ಜಾಗದಲ್ಲಿ ಜೈಕಾರ, ಥೂ ಎಂದ ಜಾಗದಲ್ಲಿ ಕಣ್ಣೀರು. ಜಿಮ್ಮಿನವನು ಆಗಲೇ ಕನ್ನಡಿ ನೋಡಿಕೊಂಡು ಕೂದಲು ಸರಿಮಾಡುತ್ತಿದ್ದ.

"ಅವ್ಳು ತಟ್ಟೋವಾಗ ನೀವು ಇಂಗೆ ತಲೆ ಮ್ಯಾಲೆ ಕೈ ಇಟ್ಕಳ್ಳಿ," ಎಂದು ಮೈದುನ ಅಪ್ಪನಿಗೆ ಮಾಡಿ ತೋರಿಸಿದ. "ಆಮ್ಯಾಕೆ ನಾನು ನಿಮ್ಮ ತಬ್ಕಂತೀನಿ."

ಅಪ್ಪ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಕೋಪವಿರಲಿಲ್ಲ. ಕೆಟ್ಟು ನಿಂತ ಮೋಟಾರನ್ನು ರಿಪೇರಿ ಮಾಡುವುದೋ ಗುಜರಿಗೆ ಹಾಕುವುದೋ ಎಂದು ನೋಡುವ ಹಾಗಿತ್ತು.

"ಒಂದ್ಸಲ ನೋಡಿವ್ನಿ ಸಾ, ಸಾಕು" ಎಂದು ಚಪ್ಪಲಿ ಮೆಟ್ಟಿಕೊಂಡರು.

ಅಷ್ಟು ಹೊತ್ತಿಗೆ ನನ್ನ ಬಾಯಿಯ ಬೀಗ ಬಿಟ್ಟಿತ್ತು. ಆ ಬಳೆ ಲೈಟಿನ ವೈರು ಕಿತ್ತು, ಶಾಲೆಯಲ್ಲಿ ಕೂಗುವ ದನಿಯಲ್ಲೇ ಕೂಗಿದೆ: "ಇನ್ನು ಈ ಹಾಲಲ್ಲಿ ಈ ಬೊಂಬೆಯಾಟ ನಡೆಯಲ್ಲ. ಮಾನ ಮರ್ಯಾದೆ ಯಾರಪ್ಪನಿಗೆ ಇಲ್ಲ ಅಂತ ಕೇಳಿದೆಯಲ್ಲಪ್ಪಾ, ಈಗ ಕೇಳು ನೋಡೋಣ ಅವರ ಮುಖ ನೋಡ್ಕೊಂಡು!" ಜಿಮ್ಮಿನವನು ನೆಲ ನೋಡಿದ. ಮೈದುನ, "ಅತ್ಗೇ, ನಾನೇನ್ ಅಂದೆ ಈಗ?" ಎಂದ. ಮಾತು ಖಾರವಾಗಿಯೇ ಇತ್ತು, ಆದರೆ ಒಂದು ಗಂಟೆ ತಡವಾಗಿ ಬಂದಿತ್ತು. ಪಂಜರದ ಕಾಳಗದಲ್ಲಿ ಗಂಟೆ ಹೊಡೆದ ಮೇಲೆ ಗುದ್ದಿದರೆ ಲೆಕ್ಕಕ್ಕಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಅವರ ಜೊತೆ ನಡೆದೆ. ಮಳವಳ್ಳಿ ಬಸ್ಸು ಇನ್ನೂ ಬಂದಿರಲಿಲ್ಲ.

"ಆಗಲೇ ಗದರಬೇಕಿತ್ತು. ತಪ್ಪಾಯಿತು" ಎಂದೆ.

"ಬುಡಿ ಮೇಡಮ್ಮೋರೇ. ಅವ್ರು ಮಾತಾಡಿದ್ದು ನಂಗೆ ಅರ್ದ ಕೇಳುಸ್ಲೇ ಇಲ್ಲ" ಎಂದರು. ಕೇಳಿಸಿತ್ತೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವರಿಗೂ. ಉಳಿದ ಬಾಳೆಹಣ್ಣನ್ನು ನನ್ನ ಕೈಗೆ ಕೊಟ್ಟು ಬಸ್ಸು ಹತ್ತಿದರು.

ಮಹಡಿಯ ಲೈವ್ ನಿಂತಿತು. ಮೂವರೂ ಸ್ವಲ್ಪ ದಿನ ಜಿಮ್ಮಿನಲ್ಲಿ ಅದೇ ಆಟ ನಡೆಸಿ, ಅಲ್ಲಿ ದೋಸೆ ಸಿಗದ್ದಕ್ಕೋ ಏನೋ ಕೈಬಿಟ್ಟರು. ಈಗ ಹೋಟೆಲ್ ಹೋಟೆಲ್ ತಿರುಗಿ ಬಿರಿಯಾನಿ ತಿಂದು ಕಣ್ಣರಳಿಸುವ ವಿಡಿಯೋ ಮಾಡುತ್ತಾರೆ. ಅದು ಅವರ ಯೋಗ್ಯತೆಗೆ ಹತ್ತಿರದ ಕೆಲಸ, ನನ್ನ ವಿರೋಧವಿಲ್ಲ.

ಹುಡುಗಿಯ ಕೈಗೆ ಮೂರು ವಾರ ಪಟ್ಟಿ ಕಟ್ಟಿದ್ದರು. ಆ ನೆಪದಲ್ಲಿ ಮನೆಗೆ ಬಂದಾಗ ಅಮ್ಮನಿಗೂ ವಿಷಯ ತಿಳಿಯಿತು. ಎರಡು ದಿನ ಅಡುಗೆ ಮಾಡದೆ ಕೂತಿದ್ದರಂತೆ. ಕೈ ಸರಿಯಾದ ಮೇಲೆ ಹುಡುಗಿ ನಮ್ಮ ಶಾಲೆಗೆ ಬಂದು ಕಬಡ್ಡಿ ಮಕ್ಕಳಿಗೆ ಒಂದು ದಿನ ಪಟ್ಟು ಹೇಳಿಕೊಟ್ಟಳು. ಆವತ್ತು ಅವಳಿಗೆ ಎಲ್ಲವನ್ನೂ ಹೇಳಿಕೊಂಡೆ: ಮಹಡಿ, ಸೋಫಾ, ಅವರ ಮಾತು, ನನ್ನ ಮೌನ. ಅಳುತ್ತಾಳೆಂದುಕೊಂಡಿದ್ದೆ. ಅವಳು ನಕ್ಕಳು.

"ಅಯ್ಯೋ ಮಿಸ್, ನಾವೂ ಹಾಸ್ಟೆಲ್‌ನಲ್ಲಿ ಬೇರೆಯೋರ ಫೈಟ್ ನೋಡೋವಾಗ ಇದುಕ್ಕಿಂತ ಕೆಟ್ಟದಾಗಿ ಬಯ್ತೀವಿ. ಯಾರಾದ್ರೂ ತಟ್ಟುದ್ರೆ ನಾನೂ ಥೂ ಅಂತೀನಿ." ಸ್ವಲ್ಪ ಯೋಚಿಸಿ, "ಆ ಜಿಮ್ ಅಣ್ಣಂಗೆ ಒಂದ್ಸಲ ನಮ್ ಪ್ರಾಕ್ಟೀಸ್‌ಗೆ ಬರಕ್ಕೆ ಯೋಳಿ ಮಿಸ್. ಏನೂ ಮಾಡಲ್ಲ, ಬರೀ ಕೈ ಇಡ್ಕಂತೀನಿ" ಎಂದಳು.

ಆಹ್ವಾನವನ್ನು ನಾನು ಸಂತೋಷದಿಂದ ತಲುಪಿಸಿದೆ. ಆವತ್ತಿನಿಂದ ಅವನಿಗೆ ಸೊಂಟ ನೋವು.

ಅವಳ ಮುಂದಿನ ಕಾಳಗವನ್ನು ನಾನು ಶಿವನಸಮುದ್ರದ ಕ್ವಾರ್ಟರ್ಸಿನಲ್ಲೇ ನೋಡಿದೆ. ಚಿಕ್ಕ ಹಜಾರ, ಡಬ್ಬಿಗೆ ಒರಗಿಸಿಟ್ಟ ಫೋನು, ಅದರ ಮುಂದೆ ಅಪ್ಪ, ಅಮ್ಮ, ನಾನು. ಮೊದಲ ಸುತ್ತು ಮುಗಿಯುವವರೆಗೆ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಎರಡನೆಯ ಸುತ್ತಿನಲ್ಲಿ ಮಗಳಿಗೆ ಎರಡು ಏಟು ಬಿದ್ದವು. ಸೆರಗು ಜಾರಿತು.

"ವಡಿ ಕಣವ್ವ! ಅವ್ಳ್ ಕೈ ಸೇದೋಗ, ಮೂತಿಗ್ ವಡಿ!" ಎಂದು ಆ ತಾಯಿ ಕೂಗಿದ್ದನ್ನು ಕೇಳಿ ನಾನು ದಂಗಾದೆ. ಆದರೆ ದಂಗಾದದ್ದು ಅರೆಕ್ಷಣ ಮಾತ್ರ. ಹುಡುಗಿ ಎದುರಾಳಿಯ ಹಿಮ್ಮಡಿಗೆ ಕೈ ಹಾಕಿದ್ದೇ ತಡ, ನಾನೂ ಎದ್ದು ನಿಂತು, ನನ್ನ ಮೈದುನನ ಬಾಯಲ್ಲಿ ಕೇಳಿ ಕೇಳಿ ಬೇಸತ್ತಿದ್ದ ಮಾತುಗಳನ್ನೆಲ್ಲ ಒಂದೂ ಬಿಡದೆ ಕೂಗಿದೆ.

ಅಪ್ಪ ಕಿಟಕಿ ಮುಚ್ಚಿ ಬಂದು ಕೂತರು. "ಮೇಡಮ್ಮೋರೇ, ವಸಿ ಮೆತ್ತುಗೆ," ಎಂದರು, "ಪಕ್ಕದ್ ಮನೇಲಿ ನೈಟ್ ಡ್ಯೂಟಿ ಮುಗ್ಸಿ ಬಂದು ಮನ್ಗವ್ರೆ."